ಹೊಸ ಬಣ್ಣದ ಹಳೆಯ ಮನೆ: ಕೊಳ್ಳುವ ಮುನ್ನ, ಕೊಂಡ ನಂತರ

ಎಂ.ಕೆ. ಹುಬ್ಬಳ್ಳಿ: ಮನೆ ನೋಡಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಆಮೇಲೆ ನೆಲದ ಹೊಳೆಯುವ ಟೈಲ್ಸ್, ಜಿಪ್ಸಂ ಒಳಚಾವಣಿ, ಅಡುಗೆಕಟ್ಟೆಯ ಗ್ರಾನೈಟ್. ‘ಮೂಲ ಮನೆ ಅರವತ್ತು ವರ್ಷದ್ದು, ಆದರೆ ಈಗ ಎಲ್ಲವನ್ನೂ ಹೊಸದಾಗಿ ಮಾಡಿಸಿದ್ದೇವೆ’ ಎಂಬ ಮಾತು ಕೊಳ್ಳುವವರಿಗೆ ನೆಮ್ಮದಿ ತರುತ್ತದೆ. ಸಂಚಕಾರ ಕೊಟ್ಟು, ಬ್ಯಾಂಕಿನಲ್ಲಿ ಸಾಲ ಮಾಡಿ, ಖರೀದಿ ಪತ್ರ ನೋಂದಾಯಿಸಿ, ಗೃಹಪ್ರವೇಶವೂ ಮುಗಿಯುತ್ತದೆ. ಮೊದಲ ಮಳೆಗಾಲದಲ್ಲಿ ಕಿಟಕಿಯ ಮೂಲೆಯಿಂದ ಒಂದು ಓರೆ ಬಿರುಕು ಹೊರಡುತ್ತದೆ. ಮಲಗುವ ಕೋಣೆಯ ಬಾಗಿಲು ಚೌಕಟ್ಟಿಗೆ ಉಜ್ಜತೊಡಗುತ್ತದೆ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಉದುರುತ್ತದೆ. ಬಿರುಕು ಬಿಟ್ಟದ್ದು ಗಿಲಾವೋ, ಗೋಡೆಯೋ ಎಂಬ ಪ್ರಶ್ನೆ ಆಗ ಮನೆಯವರ ನಿದ್ದೆ ಕೆಡಿಸುತ್ತದೆ.

ಈ ಪ್ರಶ್ನೆ ಯಾವುದೇ ಊರಿನದಾಗಬಹುದು. ಆದರೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಮಟ್ಟಿಗೆ ಇದಕ್ಕೆ ವಿಶೇಷ ತೂಕವಿದೆ. ಮಲಪ್ರಭಾ ನದಿಯ ದಂಡೆಯಲ್ಲಿ, ಬೆಳಗಾವಿ ಮತ್ತು ಧಾರವಾಡಗಳ ನಡುವಿನ ಹೆದ್ದಾರಿಯ ಮೇಲಿರುವ ಎಂ.ಕೆ. ಹುಬ್ಬಳ್ಳಿ ಇಂದು ಪಟ್ಟಣ ಪಂಚಾಯಿತಿ. ಇಲ್ಲಿಂದ ಎರಡೂ ನಗರಗಳಿಗೆ ದಿನವೂ ಹೋಗಿಬರಬಹುದು. ಇಂತಹ ಊರುಗಳ ಹಳೆಯ ಓಣಿಗಳಲ್ಲಿ ಕಲ್ಲು, ಮಣ್ಣು, ಕಟ್ಟಿಗೆಯಿಂದ ಕಟ್ಟಿದ ಮನೆಗಳಿಗೆ ಹೊಸ ಮುಖ ಕೊಟ್ಟು ಮಾರುವುದು ಸಾಮಾನ್ಯ. ಅದರಲ್ಲಿ ತಪ್ಪೇನೂ ಇಲ್ಲ. ಸರಿಯಾಗಿ ನವೀಕರಿಸಿದ ಹಳೆಯ ಮನೆ ಇನ್ನೊಂದು ತಲೆಮಾರು ಬಾಳುತ್ತದೆ. ತೊಂದರೆ ಬರುವುದು ನವೀಕರಣ ಕೇವಲ ಮೇಲ್ಮೈಯದಾಗಿದ್ದಾಗ ಅಥವಾ ಮನೆಯ ಭಾರ ಹೊತ್ತ ಅಂಗಗಳನ್ನೇ ತಿಳಿಯದೆ ಕತ್ತರಿಸಿದಾಗ.

ಇದು ಕೇವಲ ಹಣದ ನಷ್ಟದ ಮಾತಲ್ಲ. 2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿ ಗ್ರಾಮದಲ್ಲಿ ಮಳೆಗೆ ನೆನೆದ ಹಳೆಯ ಮನೆಯ ಗೋಡೆ ಕುಸಿದು 7 ಮಂದಿ ಸತ್ತರು. ಅದಕ್ಕೂ ಮೊದಲು 2019ರ ಆಗಸ್ಟ್ ಪ್ರವಾಹದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಬಿದ್ದ ಮನೆಗಳಿಗೆ ಲೆಕ್ಕವಿರಲಿಲ್ಲ. ನವಿಲುತೀರ್ಥ ಜಲಾಶಯದಿಂದ ಹರಿದ ನೀರು ರಾಮದುರ್ಗ ಪಟ್ಟಣಕ್ಕೂ ನುಗ್ಗಿತ್ತು. ಅದೇ ವರ್ಷದ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಬಲಿಯಾಗಿದ್ದರು. ಮೊದಲನೆಯದು ಹಳೆಯ ಗೋಡೆ, ಕೊನೆಯದು ಹೊಸ ಕಾಂಕ್ರೀಟು. ಎರಡರಿಂದಲೂ ಕಲಿಯಬೇಕಾದ ಪಾಠ ಒಂದೇ: ಮನೆಯ ಸುರಕ್ಷತೆಯನ್ನು ಅದರ ವಯಸ್ಸಿನಿಂದಾಗಲೀ ಬಣ್ಣದಿಂದಾಗಲೀ ಅಳೆಯಲಾಗದು.

ಹಳೆಯ ಮನೆ ನಿಂತದ್ದು ಹೇಗೆ?

ಇಂದಿನ ಆರ್‌ಸಿಸಿ ಮನೆಯಲ್ಲಿ ಭಾರವನ್ನು ಹೊರುವುದು ಕಾಲಂ ಮತ್ತು ಬೀಮ್‌ಗಳು. ನಡುವಿನ ಗೋಡೆ ಬಹುತೇಕ ಪರದೆ ಇದ್ದಂತೆ. ಈ ಭಾಗದ ಹಳೆಯ ಮನೆಗಳ ಲೆಕ್ಕವೇ ಬೇರೆ. ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆ ಕಾಣುತ್ತವೆ.

ಮೊದಲನೆಯದು ಗೋಡೆಯೇ ಭಾರ ಹೊರುವ ಮನೆ. ಒಂದೂವರೆ ಎರಡು ಅಡಿ ದಪ್ಪದ ಕಲ್ಲು ಮತ್ತು ಮಣ್ಣಿನ ಗೋಡೆ ಅಥವಾ ಹಸಿ ಇಟ್ಟಿಗೆಯ ಗೋಡೆ, ಅದರ ಮೇಲೆ ಕಟ್ಟಿಗೆಯ ಚೌಕಟ್ಟು, ಅದರ ಮೇಲೆ ಹಂಚು. ಎರಡನೆಯದು ಕಟ್ಟಿಗೆಯ ಕಂಬ ಭಾರ ಹೊರುವ ಮನೆ. ಸಾಲು ಕಂಬಗಳು, ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮಣ್ಣಿನ ಮಾಳಿಗೆ. ಕಂಬದಿಂದ ಕಂಬಕ್ಕೆ ಇರುವ ಜಾಗವೇ ಅಂಕಣ. ಹಿರಿಯರು ಮನೆಯ ಅಳತೆಯನ್ನು ಚದರಡಿಯಲ್ಲಿ ಅಲ್ಲ, ಅಂಕಣದಲ್ಲಿ ಹೇಳುತ್ತಿದ್ದರು. ಕಂಬಗಳು ಕೆಲವೊಮ್ಮೆ ಪಡಸಾಲೆಯಲ್ಲಿ ಕಾಣುವಂತೆ ನಿಂತಿರುತ್ತವೆ, ಕೆಲವೊಮ್ಮೆ ಗೋಡೆಯೊಳಗೇ ಹುದುಗಿರುತ್ತವೆ. ಇಂತಹ ಮನೆಯಲ್ಲಿ ಗೋಡೆಯ ಒಂದು ಭಾಗ ಬಿದ್ದರೂ ಮಾಳಿಗೆ ನಿಂತೇ ಇರುವುದುಂಟು. ಕಂಬ ಸರಿದರೆ ಮಾತ್ರ ಗೋಡೆ ಎಷ್ಟೇ ದಪ್ಪವಿದ್ದರೂ ಭರವಸೆಯಿಲ್ಲ.

ಆದ್ದರಿಂದ ನವೀಕರಿಸಿದ ಮನೆಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ, ‘ಏನೇನು ಹೊಸದು?’ ಎಂಬುದಲ್ಲ. ‘ಚಾವಣಿಯ ಭಾರ ಈಗ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತಿದೆ?’ ಎಂಬುದು. ಎರಡನೆಯ ಪ್ರಶ್ನೆ, ‘ಮಳೆಯ ನೀರು, ಬಚ್ಚಲ ನೀರು ಯಾವ ದಾರಿಯಲ್ಲಿ ಹೊರಗೆ ಹೋಗುತ್ತಿದೆ?’ ಎಂಬುದು. ಹಳೆಯ ಮನೆಯ ಆಯುಷ್ಯ ಹೆಚ್ಚಾಗಿ ಈ ಎರಡು ದಾರಿಗಳನ್ನೇ ಅವಲಂಬಿಸಿದೆ.

ನವೀಕರಣ ಎಡವುವುದು ಎಲ್ಲಿ?

ಒಂದು, ಕಂಬ ಮತ್ತು ಗೋಡೆ ತೆಗೆಯುವುದು. ಪಡಸಾಲೆಯನ್ನು ವಿಶಾಲವಾದ ಹಾಲ್ ಮಾಡುವ ಆಸೆಯಿಂದ ನಡುವಿನ ಕಂಬವನ್ನು ತೆಗೆಯಲಾಗುತ್ತದೆ. ಅಡುಗೆಮನೆ ಮತ್ತು ಊಟದ ಕೋಣೆಯನ್ನು ಒಂದು ಮಾಡಲು ಅಡ್ಡಗೋಡೆ ಒಡೆಯಲಾಗುತ್ತದೆ. ಕಂಬ ತೆಗೆದ ಕಡೆ ಲೆಕ್ಕ ಹಾಕಿ ಉಕ್ಕಿನ ಅಥವಾ ಕಾಂಕ್ರೀಟಿನ ಬೀಮ್ ಕೊಟ್ಟು, ಅದರ ಎರಡೂ ತುದಿಗೆ ಗಟ್ಟಿ ಆಧಾರ ಒದಗಿಸಿದ್ದರೆ ಅಡ್ಡಿಯಿಲ್ಲ. ಹಾಗೆ ಮಾಡದೆ ತೊಲೆಯನ್ನು ಮಣ್ಣಿನ ಗೋಡೆಯ ಮೇಲೆ ಊರಿ, ಕೆಳಗೆ ಜಿಪ್ಸಂ ಹಾಳೆಯಿಂದ ಮುಚ್ಚಿದ್ದರೆ ಅಪಾಯ ಕಣ್ಣಿಗೆ ಬೀಳುವುದಿಲ್ಲ.

ಎರಡು, ಚಾವಣಿ ಬದಲಿಸುವುದು. ಇಲ್ಲಿ ಒಂದು ಸರಳ ಲೆಕ್ಕ ನೋಡಬಹುದು. 20 ಅಡಿ ಅಗಲ, 30 ಅಡಿ ಉದ್ದದ ಮನೆಯ ವಿಸ್ತೀರ್ಣ ಸುಮಾರು 56 ಚದರ ಮೀಟರ್. ಮಂಗಳೂರು ಹಂಚಿನ ಚಾವಣಿಯ ತೂಕ ರೀಪುಗಳೂ ಸೇರಿ ಚದರ ಮೀಟರಿಗೆ ಸುಮಾರು 65 ಕಿಲೋ. ಅಂದರೆ ಇಡೀ ಮನೆಗೆ 4 ಟನ್ನಿನೊಳಗೆ. ಅದೇ ಮನೆಗೆ 5 ಅಂಗುಲ ದಪ್ಪದ ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ ಚದರ ಮೀಟರಿಗೆ 300 ಕಿಲೋ ಮೀರುತ್ತದೆ. ಒಟ್ಟು ತೂಕ ಸುಮಾರು 17 ಟನ್. ಹಂಚು ಹೊರಲೆಂದು ಕಟ್ಟಿದ ಗೋಡೆ ಮತ್ತು ಬುನಾದಿಯ ಮೇಲೆ ಹೆಚ್ಚುವರಿಯಾಗಿ 13 ಟನ್ ಬಿದ್ದಂತಾಯಿತು. ಅದರ ಮೇಲೆ ಇನ್ನೊಂದು ಕೋಣೆ, ನೀರಿನ ಟ್ಯಾಂಕ್ ಬಂದರೆ ಹೇಳುವುದೇ ಬೇಡ. 1,000 ಲೀಟರಿನ ತುಂಬಿದ ಟ್ಯಾಂಕ್ ಎಂದರೆ ಒಂದು ಟನ್ ಭಾರ, ಅದೂ ಒಂದೇ ಜಾಗದಲ್ಲಿ.

ಮಣ್ಣಿನ ಮಾಳಿಗೆಯ ಕಥೆ ಬೇರೆ. ಮುಕ್ಕಾಲು ಅಡಿ ದಪ್ಪದ ಮಣ್ಣು ಸ್ಲ್ಯಾಬಿಗಿಂತ ಕಡಿಮೆ ತೂಗುವುದಿಲ್ಲ. ಆದ್ದರಿಂದ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿದರೆ ತೂಕ ಬಹಳ ಏರದಿರಬಹುದು. ಆದರೆ ಆ ತೂಕ ಹೊರುತ್ತಿದ್ದುದು ಕಂಬಗಳು. ಕಂಬ ಕಿತ್ತು ಸ್ಲ್ಯಾಬನ್ನು ಗೋಡೆಯ ಮೇಲೆ ಕೂರಿಸಿದರೆ ಎಂದೂ ಹೊರದಿದ್ದ ಭಾರವನ್ನು ಗೋಡೆ ಹೊರಬೇಕಾಗುತ್ತದೆ. ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆಯ ಮೇಲೆ ಭಾರವಾದ ಚಾವಣಿ ಇದ್ದರೆ ಏನಾಗಬಹುದೆಂಬುದನ್ನು ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಭೂಕಂಪ ತೋರಿಸಿಕೊಟ್ಟಿತು. ಅಲ್ಲಿ ಸಾವಿರಾರು ಜನ ಸತ್ತದ್ದು ಬಹುಪಾಲು ಇಂತಹ ಮನೆಗಳ ಅಡಿಯಲ್ಲಿ.

ಮೂರು, ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು. ಮಣ್ಣಿನ ಗೋಡೆ ನೆಲದಿಂದ ತೇವ ಹೀರಿ, ಮೇಲ್ಮೈಯಿಂದ ಆರಿಸಿಕೊಳ್ಳುತ್ತದೆ. ಸುಣ್ಣದ ಅಥವಾ ಮಣ್ಣಿನ ಗಿಲಾವು ಇದಕ್ಕೆ ಅಡ್ಡಿ ಮಾಡುವುದಿಲ್ಲ. ಒಳಗೂ ಹೊರಗೂ ದಪ್ಪ ಸಿಮೆಂಟ್ ಬಳಿದು, ಮೇಲೆ ಪುಟ್ಟಿ ಮತ್ತು ಪ್ಲಾಸ್ಟಿಕ್ ಬಣ್ಣ ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಗೋಡೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಮಣ್ಣು ಮೆತ್ತಗಾಗುತ್ತದೆ. ಒಣಗಿದ ಮಣ್ಣಿನ ಗೋಡೆ ಹೊರುವ ಭಾರವನ್ನು ನೆನೆದ ಗೋಡೆ ಹೊರಲಾರದು. ದೀರ್ಘ ಮಳೆಯಲ್ಲಿ ಗೋಡೆಗಳು ಇದ್ದಕ್ಕಿದ್ದಂತೆ ಕುಸಿಯುವುದು ಇದೇ ಕಾರಣಕ್ಕೆ.

ನಾಲ್ಕು, ಮನೆಯೊಳಗೆ ನೀರು ತರುವುದು. ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಲ ಕಡೆ, ಶೌಚಾಲಯ ಇನ್ನೂ ದೂರ. ಇಂದು ಎರಡೂ ಮಲಗುವ ಕೋಣೆಗೆ ಅಂಟಿಕೊಂಡೇ ಬರುತ್ತವೆ. ಗೋಡೆ ಕೊರೆದು ಹಾಕಿದ ಪೈಪಿನ ಕೀಲಿನಲ್ಲಿ ಹನಿ ಹನಿಯಾಗಿ ಸೋರಿದರೂ ಸಾಕು, ಮಣ್ಣಿನ ಗೋಡೆಯ ಬುಡ ವರ್ಷದೊಳಗೆ ಕರಗುತ್ತದೆ. ತೇವವಿದ್ದಲ್ಲಿಗೆ ಗೆದ್ದಲು ಬರುತ್ತದೆ. ಗೋಡೆಯೊಳಗಿನ ಕಂಬವನ್ನು ಅದು ತಿನ್ನುವುದು ಹೊರಗೆ ತಿಳಿಯುವುದೇ ಇಲ್ಲ.

ಐದು, ಹಳೆಯದಕ್ಕೆ ಹೊಸ ಕೋಣೆ ಜೋಡಿಸುವುದು. ಹಳೆಯ ಬುನಾದಿ ದಶಕಗಳ ಕಾಲ ಕುಸಿಯಬೇಕಾದಷ್ಟು ಕುಸಿದು ನೆಲೆ ಕಂಡಿರುತ್ತದೆ. ಹೊಸ ಬುನಾದಿ ಈಗ ಕುಸಿಯತೊಡಗುತ್ತದೆ. ಎರಡರ ನಡುವೆ ಜಾಗ ಬಿಡದೆ ಒಂದಕ್ಕೊಂದು ಅಂಟಿಸಿ ಕಟ್ಟಿದರೆ ಸೇರುವಲ್ಲಿ ನೆಟ್ಟಗೆ ಬಿರುಕು ಬರುವುದು ಖಚಿತ.

ನೆಲದ ಗುಣ, ನದಿಯ ಗುಣ

ಎಂ.ಕೆ. ಹುಬ್ಬಳ್ಳಿಯಿಂದ ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಗಳತ್ತ ಹೋದಂತೆ ಎರೆ ಭೂಮಿ ಹೆಚ್ಚುತ್ತದೆ. ಜೋಳ, ಹತ್ತಿಗೆ ಒಳ್ಳೆಯದಾದ ಈ ಮಣ್ಣು ಮನೆಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಮೇಲುಮೇಲಿನ ಬುನಾದಿ ಇದ್ದರೆ ಮನೆಯೂ ಅದರೊಂದಿಗೆ ಏರಿಳಿಯುತ್ತದೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಬಿರುಕು ಈ ಮಣ್ಣಿನ ಗುರುತು. ಇಂತಹ ಬಿರುಕಿಗೆ ಪ್ರತಿ ವರ್ಷ ಪುಟ್ಟಿ ತುಂಬಿದರೂ ಅದು ಮತ್ತೆ ಬಿಡುತ್ತದೆ, ಏಕೆಂದರೆ ಕಾರಣ ಗೋಡೆಯಲ್ಲಿಲ್ಲ, ನೆಲದಲ್ಲಿದೆ. ಹೊಸದಾಗಿ ಕಟ್ಟುವವರಿಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಬುಡ ಅಗಲವಾದ ಪೈಲ್ ಬುನಾದಿಯಂತಹ ಉಪಾಯಗಳಿವೆ. ಹಳೆಯ ಮನೆಯಲ್ಲಿ ಇರುವವರು ಮಾಡಬಹುದಾದದ್ದು, ಮನೆಯ ಸುತ್ತಲಿನ ಮಣ್ಣಿನ ತೇವ ಒಮ್ಮೆಗೇ ಏರಿಳಿಯದಂತೆ ನೋಡಿಕೊಳ್ಳುವುದು.

ನದಿಯ ದಂಡೆಯ ಊರುಗಳಿಗೆ ಇನ್ನೊಂದು ಲೆಕ್ಕವಿದೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಮಳೆ ಜೋರಾದರೆ ಎಂ.ಕೆ. ಹುಬ್ಬಳ್ಳಿಯಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ನದಿಯೊಳಗಿನ ಗಂಗಾಂಬಿಕೆಯ ಐಕ್ಯಸ್ಥಳಕ್ಕೆ ಬರುವ ಭಕ್ತರಿಗೆ ಈ ಏರಿಳಿತ ಹೊಸದಲ್ಲ. 2009 ಮತ್ತು 2019ರಲ್ಲಿ ಉತ್ತರ ಕರ್ನಾಟಕ ದೊಡ್ಡ ನೆರೆ ಕಂಡಿತು. ಒಮ್ಮೆ ನೆರೆಯಲ್ಲಿ ನಿಂತ ಮಣ್ಣಿನ ಗೋಡೆ ಒಣಗಿದ ಮೇಲೆ ಮೊದಲಿನಂತೆಯೇ ಕಾಣಬಹುದು. ಆದರೆ ಅದರ ಬುಡದ ಮಣ್ಣು ಕೊಚ್ಚಿಹೋಗಿರಬಹುದು.

ಬಿರುಕನ್ನು ಓದುವ ಬಗೆ

ಎಲ್ಲ ಬಿರುಕೂ ಅಪಾಯವಲ್ಲ. ಗಿಲಾವಿನ ಮೇಲೆ ಬಲೆಯಂತೆ ಹರಡಿದ, ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸಾಮಾನ್ಯವಾಗಿ ಸಿಮೆಂಟ್ ಒಣಗಿದಾಗ ಬರುವಂಥವು. ಒಂದು ಮಿಲಿಮೀಟರಿಗಿಂತ ಕಡಿಮೆ ಅಗಲದ, ಬೆಳೆಯದೆ ನಿಂತ ಬಿರುಕಿಗೆ ಹೆದರಬೇಕಾಗಿಲ್ಲ.

ಗಮನಿಸಬೇಕಾದವು ಬೇರೆ. ಕಿಟಕಿ ಅಥವಾ ಬಾಗಿಲ ಮೂಲೆಯಿಂದ ಓರೆಯಾಗಿ, ಮೆಟ್ಟಿಲ ಆಕಾರದಲ್ಲಿ ಸಾಗುವ ಬಿರುಕು ಬುನಾದಿ ಒಂದು ಕಡೆ ಕುಸಿಯುತ್ತಿರುವ ಸೂಚನೆ. ಚಾವಣಿಗೆ ತಾಗಿ ಅಡ್ಡಡ್ಡ ಹೋಗುವ ಬಿರುಕು ಸ್ಲ್ಯಾಬ್ ಬಿಸಿಲಿಗೆ ಹಿಗ್ಗಿ ಕುಗ್ಗುವುದರಿಂದ ಬರಬಹುದು. ಅದರೊಂದಿಗೆ ಗೋಡೆ ಹೊರಕ್ಕೆ ವಾಲಿದ್ದರೆ ಮಾತ್ರ ವಿಷಯ ಗಂಭೀರ. ಕಾಲಂ ಅಥವಾ ಬೀಮಿನ ಉದ್ದಕ್ಕೂ ಸಾಗಿ ಕಂದು ಕಲೆ ಬಿಡುವ ಬಿರುಕು ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದದ್ದರ ಗುರುತು. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. 5 ಮಿಲಿಮೀಟರಿಗಿಂತ ಅಗಲವಾದ, ಗೋಡೆಯ ಎರಡೂ ಬದಿಗೆ ಕಾಣುವ, ವಾರದಿಂದ ವಾರಕ್ಕೆ ಬೆಳೆಯುವ ಬಿರುಕು ಯಾವುದೇ ಆಕಾರದ್ದಾದರೂ ಎಂಜಿನಿಯರನ್ನು ಕರೆಸಲು ಸಾಕು. ಗೋಡೆ ಹೊಟ್ಟೆ ಉಬ್ಬಿದಂತೆ ಕಂಡರೆ, ಮೇಲಿನಿಂದ ಮಣ್ಣು ಉದುರಿದರೆ, ತೊಲೆ ಲಟಲಟ ಸದ್ದು ಮಾಡಿದರೆ ಆ ರಾತ್ರಿಯೇ ಆ ಕೋಣೆ ಖಾಲಿ ಮಾಡುವುದು ಕ್ಷೇಮ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ದೊಡ್ಡ ಉಪಕರಣ ಬೇಕಿಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಬೇಕು. ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಬೇಕು. ಗೋಡೆ ಸರಿದರೆ ಗಾಜು ಸೀಳುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ತಿಂಗಳಿಗೊಂದು ಛಾಯಾಚಿತ್ರ ತೆಗೆದಿಟ್ಟರೆ ಎಂಜಿನಿಯರಿಗೂ ಮುಂದೆ ವಕೀಲರಿಗೂ ಅದು ಬೆಲೆಬಾಳುವ ದಾಖಲೆ.

ಕೊಳ್ಳುವ ಮುನ್ನ

ಉತಾರ, ಇ-ಖಾತೆ, ಋಣಭಾರ ಪತ್ರ, ಮನೆ ತೆರಿಗೆಯ ರಸೀದಿ, ಈ ಎಲ್ಲವನ್ನೂ ಎಚ್ಚರಿಕೆಯಿಂದ ನೋಡುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಈ ಯಾವ ಕಾಗದವೂ ಗೋಡೆಯ ಬಗ್ಗೆ ಏನೂ ಹೇಳುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿ ನೋಂದಾಯಿಸುವುದು ಪತ್ರವನ್ನು, ಪರೀಕ್ಷಿಸುವುದು ಕಟ್ಟಡವನ್ನಲ್ಲ. ಬ್ಯಾಂಕಿನ ಮೌಲ್ಯಮಾಪಕರು ಮುಖ್ಯವಾಗಿ ನೋಡುವುದು ಸಾಲಕ್ಕೆ ತಕ್ಕ ಬೆಲೆ ಇದೆಯೇ ಎಂಬುದನ್ನು. ಸಾಲ ಮಂಜೂರಾಯಿತೆಂದರೆ ಮನೆ ಗಟ್ಟಿಯಿದೆ ಎಂದು ತಿಳಿಯುವುದು ತಪ್ಪು.

ಆದ್ದರಿಂದ ಮನೆಯನ್ನು ಎರಡು ಸಲ ನೋಡಬೇಕು, ಅದರಲ್ಲಿ ಒಂದು ಸಲ ಮಳೆ ಬಿದ್ದ ಮರುದಿನ. ಒಳಚಾವಣಿಯ ಒಂದು ಹಾಳೆ ತೆಗೆಸಿ ಮೇಲಿನ ತೊಲೆ, ಜಂತೆ ಅಥವಾ ಸ್ಲ್ಯಾಬಿನ ತಳ ನೋಡಬೇಕು. ತೆಗೆಯಲು ಮಾಲೀಕರು ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಗೋಡೆಯ ಮೇಲೆ ಬೆರಳಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಿಲಾವು ಗೋಡೆಯನ್ನು ಬಿಟ್ಟಿದೆ ಎಂದರ್ಥ. ತೂಗುಗುಂಡು ಇಳಿಬಿಟ್ಟರೆ ಗೋಡೆಯ ವಾಲುವಿಕೆ ತಿಳಿಯುತ್ತದೆ. ನೆಲದ ಮೇಲೆ ಗೋಲಿ ಬಿಟ್ಟರೆ ಒಂದೇ ಮೂಲೆಗೆ ಉರುಳುತ್ತದೆಯೇ ನೋಡಬೇಕು. ಕಂಬದ ಬುಡವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ಗೆದ್ದಲು ತಿಂದದ್ದು ಗೊತ್ತಾಗುತ್ತದೆ.

ಮಾಲೀಕರಿಗೆ ಕೇಳಬೇಕಾದ ಪ್ರಶ್ನೆಗಳೂ ಇವೆ. ಯಾವ ವರ್ಷ ಯಾವ ಕೆಲಸವಾಯಿತು? ಕೆಲಸ ಮಾಡಿದ ಗೌಂಡಿ ಯಾರು? ಎಂಜಿನಿಯರರ ನಕ್ಷೆ ಇದೆಯೇ? ಮೇಲಂತಸ್ತಿಗೆ ಪಂಚಾಯಿತಿಯ ಪರವಾನಗಿ ಪಡೆಯಲಾಗಿದೆಯೇ? ಕೆಲಸಕ್ಕೆ ಮುನ್ನ ತೆಗೆದ ಛಾಯಾಚಿತ್ರಗಳಿವೆಯೇ? ಗೌಂಡಿಯ ಹತ್ತಿರ ಹತ್ತು ನಿಮಿಷ ಮಾತಾಡಿದರೆ ಕಾಗದದಲ್ಲಿ ಸಿಗದ ಎಷ್ಟೋ ಸಂಗತಿ ತಿಳಿಯುತ್ತದೆ. ನೆರೆಮನೆಯ ಹಿರಿಯರಿಗೆ ಹಳೆಯ ಮನೆಯ ಕಂಬಗಳು ಎಲ್ಲಿದ್ದವೆಂಬುದು ನೆನಪಿರುತ್ತದೆ.

ಇನ್ನೊಂದು ದಾಖಲೆಯ ಕಡೆಗೆ ಹೆಚ್ಚಿನವರ ಗಮನ ಹೋಗುವುದಿಲ್ಲ. 2019ರ ನೆರೆಯ ನಂತರ ಹಾನಿಗೊಂಡ ಮನೆಗಳನ್ನು ಸಮೀಕ್ಷೆ ಮಾಡಿ, ಹಾನಿಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ವರ್ಗಗಳಾಗಿ ವಿಂಗಡಿಸಲಾಗಿತ್ತು. ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ನೆರವು ಘೋಷಣೆಯಾಗಿತ್ತು. ಕೊಳ್ಳಲಿರುವ ಮನೆ ಆ ಪಟ್ಟಿಯಲ್ಲಿತ್ತೇ, ಇದ್ದರೆ ಯಾವ ವರ್ಗದಲ್ಲಿತ್ತು ಎಂಬುದನ್ನು ಸ್ಥಳೀಯ ಪಂಚಾಯಿತಿಯಲ್ಲಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಬಹುದು. ಅಗತ್ಯಬಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಭಾಗಶಃ ಬಿದ್ದ ಮನೆಯನ್ನೇ ಸಾರಿಸಿ ಬಣ್ಣ ಬಳಿದು ಮಾರಲಾಗುತ್ತಿದೆಯೇ ಎಂಬ ಅನುಮಾನ ಇದರಿಂದ ಬಗೆಹರಿಯುತ್ತದೆ.

ಕೊಂಡಾಗಿದೆ, ಈಗೇನು?

ಮನೆ ಕೊಂಡ ಮೇಲೆ ಬಿರುಕು ಕಂಡವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಅದನ್ನು ಮುಚ್ಚುವುದು. ಅದೇ ಕೊನೆಗೆ ಮಾಡಬೇಕಾದ ಕೆಲಸ. ಮುಚ್ಚಿದ ಬಿರುಕು ಏನನ್ನೂ ಹೇಳಲಾರದು.

ಮೊದಲು ಜೀವ. ಅನುಮಾನದ ಗೋಡೆಯ ಬಳಿ ಮಲಗುವುದನ್ನು ನಿಲ್ಲಿಸಬೇಕು. ಮಕ್ಕಳು, ವೃದ್ಧರ ಹಾಸಿಗೆಯನ್ನು ಬೇರೆ ಕೋಣೆಗೆ ಸರಿಸಬೇಕು. ಬಾಗಿದ ತೊಲೆ ಅಥವಾ ಸ್ಲ್ಯಾಬಿನ ಕೆಳಗೆ ಉಕ್ಕಿನ ಪ್ರಾಪ್ ನಿಲ್ಲಿಸುವುದು ದೊಡ್ಡ ಖರ್ಚಲ್ಲ. ಆದರೆ ಪ್ರಾಪ್ ಟೈಲ್ಸ್ ಮೇಲೆ ಅಲ್ಲ, ಅಗಲವಾದ ಹಲಗೆಯ ಮೇಲೆ ನಿಲ್ಲಬೇಕು. ಎಲ್ಲಿ, ಎಷ್ಟು ನಿಲ್ಲಿಸಬೇಕೆಂದು ತಿಳಿದವರೇ ಹೇಳಬೇಕು.

ಎರಡನೆಯದು ನೀರು. ಚಾವಣಿಯ ನೀರು ಗೋಡೆಯ ಬುಡಕ್ಕೆ ಬೀಳುತ್ತಿದ್ದರೆ ಪೈಪಿನಿಂದ ದೂರ ಸಾಗಿಸಬೇಕು. ಮನೆಯ ಸುತ್ತ ಮೂರು ಅಡಿ ಅಗಲದ, ಹೊರಕ್ಕೆ ಇಳಿಜಾರಾದ ಕಲ್ಲುಹಾಸು ಅಥವಾ ಕಾಂಕ್ರೀಟು ಹಾಕಿಸಬೇಕು. ಸೋರುವ ಪೈಪು, ಒಡೆದ ಚೇಂಬರ್ ಮೊದಲು ದುರಸ್ತಿಯಾಗಬೇಕು. ತೇವದ ದಾರಿ ಮುಚ್ಚಿದ ಮೇಲೆ ಗೋಡೆ ಆರಲು ಒಂದು ಬೇಸಿಗೆಯಾದರೂ ಬೇಕು. ಅಷ್ಟರೊಳಗೆ ಮತ್ತೆ ಬಣ್ಣ ಹಚ್ಚಿದರೆ ಹಣ ವ್ಯರ್ಥ.

ಮೂರನೆಯದು ಭಾರ. ಮಾಳಿಗೆಯ ಮೇಲೆ ಪೇರಿಸಿದ ಹಳೆಯ ಇಟ್ಟಿಗೆ, ಮರಳು, ಬಳಸದ ಟ್ಯಾಂಕ್ ಇಳಿಸಬೇಕು. ಮಳೆ ತಡೆಯಲೆಂದು ಮಣ್ಣಿನ ಮಾಳಿಗೆಯ ಮೇಲೆ ಕಾಂಕ್ರೀಟಿನ ಪದರ ಹಾಕಿದ್ದರೆ ಅದನ್ನು ಎಂಜಿನಿಯರರ ಗಮನಕ್ಕೆ ತರಬೇಕು.

ನಾಲ್ಕನೆಯದು ತಜ್ಞರ ವರದಿ. ಬೇಕಾದವರು ಮನೆಯ ನಕ್ಷೆ ಬರೆಯುವವರಲ್ಲ, ಸ್ಟ್ರಕ್ಚರಲ್ ಎಂಜಿನಿಯರ್. ಕಾಂಕ್ರೀಟಿನ ಗಟ್ಟಿತನ ಅಳೆಯುವ ರೀಬೌಂಡ್ ಹ್ಯಾಮರ್, ಒಳಗಿನ ಬಿರುಕು ಪತ್ತೆಹಚ್ಚುವ ಅಲ್ಟ್ರಾಸಾನಿಕ್ ಪರೀಕ್ಷೆಗಳಿಗೆ ಗೋಡೆ ಒಡೆಯಬೇಕಾಗಿಲ್ಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳಲ್ಲಿ ಈ ಬಗ್ಗೆ ವಿಚಾರಿಸಬಹುದು. ವರದಿ ಬಾಯಿಮಾತಿನಲ್ಲಿ ಬೇಡ, ಸಹಿ ಮತ್ತು ದಿನಾಂಕ ಸಹಿತ ಬರಹದಲ್ಲಿರಲಿ. ಹಳೆಯ ಗೋಡೆಯ ಮನೆಗಳ ದುರಸ್ತಿ, ಬಲವರ್ಧನೆಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 13935 ಎಂಬ ಮಾರ್ಗಸೂಚಿಯೇ ಇದೆ. ಮಣ್ಣಿನ ಕಟ್ಟಡಗಳಿಗೆ ಐಎಸ್ 13827 ಇದೆ. ಗೋಡೆಗಳನ್ನು ಸುತ್ತುವರಿಯುವ ಪಟ್ಟಿ, ದಪ್ಪ ಕಲ್ಲಿನ ಗೋಡೆಯ ಎರಡು ಮೈಗಳನ್ನು ಹೊಲಿಯುವ ಅಡ್ಡಕಲ್ಲು, ಮೂಲೆಗಳಿಗೆ ಉಕ್ಕಿನ ಜಾಲರಿ, ಇವು ಇಡೀ ಮನೆ ಕೆಡವದೆ ಮಾಡಬಹುದಾದ ಕೆಲಸಗಳು.

ಇಷ್ಟೆಲ್ಲ ಆದ ಮೇಲೆಯೇ ಬಿರುಕು ತುಂಬುವುದು, ಗಿಲಾವು, ಬಣ್ಣ. ಮಣ್ಣಿನ ಗೋಡೆಗೆ ಆಗಲೂ ಸುಣ್ಣದ ಗಿಲಾವೇ ಹಿತ.

ಕಾನೂನು ಏನು ಹೇಳುತ್ತದೆ?

ಕಟ್ಟಡದಲ್ಲಿ ದೋಷ ಕಂಡರೆ ಐದು ವರ್ಷದವರೆಗೆ ಕಟ್ಟಿದವರೇ ಸರಿಪಡಿಸಬೇಕೆಂಬ ನಿಯಮ 2016ರ ರೇರಾ ಕಾಯ್ದೆಯ 14ನೇ ಕಲಮಿನಲ್ಲಿದೆ ನಿಜ. ಆದರೆ ಅದರ ಹೊಣೆ ಬಡಾವಣೆ, ವಸತಿ ಸಮುಚ್ಚಯ ಕಟ್ಟಿ ಮಾರುವ ಪ್ರವರ್ತಕರದ್ದು. ಒಬ್ಬ ಮಾಲೀಕ ತಾನಿದ್ದ ಹಳೆಯ ಮನೆಯನ್ನು ರಿಪೇರಿ ಮಾಡಿಸಿ ಇನ್ನೊಬ್ಬರಿಗೆ ಮಾರಿದಾಗ ಈ ರಕ್ಷಣೆ ಸಿಗದು.

ಅಂತಹವರಿಗೆ ನೆರವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು. ಮಾರುವವನಿಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದ ಹಾಗೂ ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಪತ್ತೆಯಾಗದಂತಹ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ಹೇಳದಿರುವುದನ್ನು ಅದೇ ಕಲಮು ವಂಚನೆ ಎಂದು ಕರೆಯುತ್ತದೆ. 1872ರ ಕರಾರು ಕಾಯ್ದೆಯ ಪ್ರಕಾರ ಗೊತ್ತಿದ್ದ ಸಂಗತಿಯನ್ನು ಬೇಕೆಂದೇ ಮರೆಮಾಚುವುದೂ ವಂಚನೆ.

ಇಲ್ಲಿ ‘ಸಾಮಾನ್ಯ ಎಚ್ಚರಿಕೆ’ ಎಂಬ ಮಾತು ಮುಖ್ಯ. ಗೋಡೆಯ ಮೇಲೆ ಕಾಣುತ್ತಿದ್ದ ಬಿರುಕನ್ನು ನೋಡದೆ ಕೊಂಡವರಿಗೆ ನ್ಯಾಯಾಲಯದಲ್ಲಿ ಹೇಳಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಕಂಬ ಕಿತ್ತು ಅದರ ಮೇಲೆ ಹಾಳೆ ಬಡಿದು ಮುಚ್ಚಿದ್ದನ್ನು ಮಾಲೀಕರು ಬಲ್ಲರೆಂದು ತೋರಿಸಬಲ್ಲವರಿಗೆ ದಾರಿಯಿದೆ. ಕೆಲಸ ಮಾಡಿದ ಗೌಂಡಿಯ ಹೇಳಿಕೆ, ಎಂಜಿನಿಯರರ ವರದಿ, ದಿನಾಂಕ ಸಹಿತ ಛಾಯಾಚಿತ್ರಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ವಂಚನೆ ಇದ್ದಲ್ಲಿ ಅದು ತಿಳಿದ ದಿನದಿಂದ ಲೆಕ್ಕ. ಆದ್ದರಿಂದ ದೋಷ ಕಂಡ ಕೂಡಲೇ ವಕೀಲರ ಮೂಲಕ ನೋಟಿಸ್ ಕೊಡುವುದು ಒಳಿತು, ತಡಮಾಡಿದಷ್ಟೂ ಸಾಕ್ಷ್ಯ ಮಸುಕಾಗುತ್ತದೆ.

ಕೊಂಡ ನಂತರ ನೀವೇ ಕರೆಸಿದ ಗುತ್ತಿಗೆದಾರ ಕೆಲಸ ಕೆಡಿಸಿದರೆ ವಿಷಯ ಬೇರೆ. ಮನೆ ನಿರ್ಮಾಣವೂ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕೆ ಬರಹದ ಕರಾರು, ಹಣ ಕೊಟ್ಟ ರಸೀದಿ ಇರಬೇಕು.

ವಿಮೆಯ ಬಗ್ಗೆಯೂ ಒಂದು ಮಾತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿ, ನೆರೆ, ಭೂಕಂಪ, ನೆಲಕುಸಿತಗಳಿಂದಾಗುವ ಹಾನಿಗೆ ಪರಿಹಾರ ಕೊಡುತ್ತದೆ. ಆದರೆ ಕಳಪೆ ಕಾಮಗಾರಿಯಿಂದ ಅಥವಾ ಕಟ್ಟಡದ ರಚನೆ ಬದಲಿಸಿದ್ದರಿಂದ ಉಂಟಾದ ಕುಸಿತ ಅದರ ವ್ಯಾಪ್ತಿಗೆ ಬರುವುದಿಲ್ಲ. ನವೀಕರಿಸಿದ ಮನೆಯ ಒಡೆಯರು ಈ ಷರತ್ತನ್ನು ಓದಿಕೊಂಡೇ ಸಹಿ ಹಾಕಬೇಕು.

ಬೆಲೆಯೊಂದಿಗೆ ಪರೀಕ್ಷೆಯೂ ಇರಲಿ

ಮದುವೆಯ ಮಾತುಕತೆಗೆ ಹತ್ತು ಕಡೆ ವಿಚಾರಿಸುವ ನಾವು, ಜೀವಮಾನದ ಗಳಿಕೆಯನ್ನೆಲ್ಲ ಹಾಕಿ ಕೊಳ್ಳುವ ಮನೆಯನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸುತ್ತೇವೆ. ಎಂಜಿನಿಯರರ ಶುಲ್ಕ ಮನೆಯ ಬೆಲೆಯ ಮುಂದೆ ಅತ್ಯಲ್ಪ. ‘ಎಂಜಿನಿಯರ್ ನೋಡಿ ಒಪ್ಪಿದರೆ ಮಾತ್ರ ಖರೀದಿ, ಇಲ್ಲವಾದರೆ ಸಂಚಕಾರ ವಾಪಸು’ ಎಂಬ ಒಂದು ಸಾಲನ್ನು ಕರಾರಿನಲ್ಲಿ ಬರೆಸಿದರೆ ಅರ್ಧ ಚಿಂತೆ ಅಲ್ಲಿಗೇ ತೀರುತ್ತದೆ. ಪ್ರಾಮಾಣಿಕವಾಗಿ ನವೀಕರಿಸಿದ ಮಾಲೀಕರಿಗೂ ಇದರಿಂದ ನಷ್ಟವಿಲ್ಲ. ಅವರ ಮನೆಗೆ ಒಳ್ಳೆಯ ಬೆಲೆಯೇ ಬರುತ್ತದೆ.

ಈಗಾಗಲೇ ಕೊಂಡು ಬಿರುಕಿನ ಮುಂದೆ ನಿಂತವರೂ ಎದೆಗುಂದಬೇಕಾಗಿಲ್ಲ. ಕಾಲಕ್ಕೆ ಸರಿಯಾಗಿ ನೀರು ತಿರುಗಿಸಿ, ಭಾರ ಇಳಿಸಿ, ಆಸರೆ ಕೊಟ್ಟರೆ ಉಳಿಯುವ ಹಳೆಯ ಮನೆಗಳೇ ಹೆಚ್ಚು. ಬಿರುಕು ಮನೆ ಕೊಡುವ ಎಚ್ಚರಿಕೆ. ಮುಂಗಾರು ಇಳಿಯುವ ಮೊದಲು ಈ ಭಾಗದ ಪ್ರತಿ ಹಳೆಯ ಮನೆಯವರೂ ಒಂದು ಸಂಜೆ ಟಾರ್ಚ್ ಹಿಡಿದು ಗೋಡೆಯ ಬುಡ, ಕಂಬದ ಬುಡ, ಚಾವಣಿಯ ತಳವನ್ನು ಒಮ್ಮೆ ನೋಡಿಕೊಂಡರೆ ಬಡಾಲ ಅಂಕಲಗಿಯಂತಹ ಸುದ್ದಿಯನ್ನು ನಾವು ಮತ್ತೆ ಬರೆಯಬೇಕಾದ ಸಂದರ್ಭ ಬರಲಾರದು.